ಮರಿಹಕ್ಕಿಗಳ ಅನುಪಾತ ಅರ್ಧಕ್ಕಿಳಿದರೆ ಸಂತಾನೋತ್ಪತ್ತಿ ವಿಫಲವಾಯಿತೆಂದು ಹೇಳಬಹುದೇ?

ಪ್ರಶ್ನೆ: ಮುಂಜಾವು

ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸದಲ್ಲಿ ನಾನಿನ್ನೂ ತರಬೇತಿಯ ಹಂತದಲ್ಲಿದ್ದೇನೆ. ನಾನು ನೆರವಾಗುತ್ತಿರುವ ತಂಡವು ಜೊಂಡು ಮತ್ತು ಪೊದೆಗಳು ಬೆರೆತ ಒಂದು ಜವುಗು ಪ್ರದೇಶದಲ್ಲಿ, ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ನಿಗದಿತ ಅಂತರಕ್ಕೊಮ್ಮೆ ಮಿಸ್ಟ್ ನೆಟ್ ಎಂಬ, ಕಣ್ಣಿಗೆ ಸುಲಭವಾಗಿ ಬೀಳದ ನವಿರಾದ ಬಲೆಗಳನ್ನು ಕಟ್ಟುತ್ತದೆ. ಸಿಕ್ಕ ಹಕ್ಕಿಯ ಕಾಲಿಗೆ ಸಂಖ್ಯೆ ಕೊರೆದ ಲೋಹದ ಉಂಗುರ ತೊಡಿಸಿ, ವಯಸ್ಸು, ಲಿಂಗ, ರೆಕ್ಕೆಯ ಉದ್ದ, ತೂಕ ಇಷ್ಟನ್ನು ಬರೆದುಕೊಂಡು ಬಿಟ್ಟುಬಿಡುತ್ತೇವೆ. ಮೊದಲೇ ಉಂಗುರವಿದ್ದ ಹಕ್ಕಿ ಸಿಕ್ಕರೆ ಅದರ ಸಂಖ್ಯೆಯನ್ನು ಮರುಸೆರೆಯೆಂದು ದಾಖಲಿಸುತ್ತೇವೆ. ಋತು ಮುಗಿದ ಮೇಲೆ, ಆ ವರ್ಷ ಹುಟ್ಟಿದ ಮರಿಹಕ್ಕಿಗಳು ಎಷ್ಟು, ವಯಸ್ಕ ಹಕ್ಕಿಗಳು ಎಷ್ಟು ಎಂದು ಎಣಿಸಿ, ಆ ಅನುಪಾತವನ್ನೇ ವರ್ಷದ ಸಂತಾನೋತ್ಪತ್ತಿಯ ಸೂಚ್ಯಂಕವೆಂದು ಇಟ್ಟುಕೊಳ್ಳುತ್ತೇವೆ.

ಕಳೆದ ಋತುವಿನಲ್ಲಿ, ನಮ್ಮಲ್ಲಿ ಹೆಚ್ಚಾಗಿ ಸಿಗುವ ಒಂದು ಉಲಿಯಕ್ಕಿಯ ಅನುಪಾತ ಅದರ ಹಿಂದಿನ ವರ್ಷದ ಅರ್ಧಕ್ಕಿಳಿಯಿತು. ಆ ವರ್ಷ ಗೂಡುಗಳು ಕೆಟ್ಟವು, ಮರಿಗಳು ಉಳಿಯಲಿಲ್ಲ ಎಂದು ತಂಡದಲ್ಲಿ ಕೆಲವರು ಆಗಲೇ ತೀರ್ಮಾನಿಸಿದ್ದಾರೆ. ನನಗೆ ಅಷ್ಟು ಧೈರ್ಯ ಬರುತ್ತಿಲ್ಲ. ಬಲೆಗೆ ಬಿದ್ದ ಹಕ್ಕಿಗಳ ಎಣಿಕೆಯಿಂದ ಗೂಡಿನಲ್ಲಿ ನಡೆದದ್ದನ್ನು ಹೇಳುವುದು ಎಷ್ಟರ ಮಟ್ಟಿಗೆ ಸರಿ? ಗೂಡುಗಳನ್ನೇ ಹುಡುಕಿ ಮೊಟ್ಟೆ, ಮರಿಗಳನ್ನು ಎಣಿಸುವುದು ಇದಕ್ಕಿಂತ ನೇರವಾದ ದಾರಿಯಲ್ಲವೇ? ಸಂತಾನೋತ್ಪತ್ತಿಯನ್ನು ಅಳೆಯುವುದೇ ಉದ್ದೇಶವಾಗಿದ್ದರೆ, ಹಳೆಯ ಉಂಗುರದ ಹಕ್ಕಿಗಳ ಮರುಸೆರೆಗೆ ಇಷ್ಟೊಂದು ಮಹತ್ವ ಏಕೆ? ಕೊನೆಯದಾಗಿ, ಗೂಡು ಕಟ್ಟುವ ಕಾಲದಲ್ಲಿ ತಾಯಿ ಹಕ್ಕಿಯನ್ನು ಹಿಡಿಯುವುದರಿಂದಲೇ ಹಾನಿಯಾಗುವುದಿಲ್ಲವೇ ಎಂಬ ಅನುಮಾನವೂ ಇದೆ. ಅನುಭವವುಳ್ಳವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಜೊಂಡು

ನಿಮ್ಮ ಹಿಂಜರಿಕೆ ಸರಿಯಾದದ್ದೇ. ಅನುಪಾತವೆಂದ ಮೇಲೆ ಅದಕ್ಕೆ ಎರಡು ಭಾಗಗಳಿರುತ್ತವೆ, ಮತ್ತು ಅದು ಕುಸಿದಾಗ ಎಲ್ಲರ ಕಣ್ಣೂ ಮರಿಗಳ ಕಡೆಗೇ ಹೋಗುತ್ತದೆ. ಒಂದು ಕಲ್ಪಿತ ಲೆಕ್ಕ ನೋಡಿ. ಮೊದಲ ವರ್ಷ 30 ವಯಸ್ಕ ಹಕ್ಕಿಗಳು, 60 ಮರಿಗಳು ಸಿಕ್ಕವು, ಅನುಪಾತ 2. ಮರುವರ್ಷ 60 ವಯಸ್ಕ ಹಕ್ಕಿಗಳು, ಮತ್ತೆ 60 ಮರಿಗಳು ಸಿಕ್ಕವು, ಅನುಪಾತ 1. ಮರಿಗಳ ಸಂಖ್ಯೆ ಒಂದೂ ಕಡಿಮೆಯಾಗಿಲ್ಲ. ಹಿಂದಿನ ವರ್ಷ ಚೆನ್ನಾಗಿ ಮರಿಯಾಗಿದ್ದರಿಂದಲೇ ಈ ವರ್ಷ ವಯಸ್ಕ ಹಕ್ಕಿಗಳು ಹೆಚ್ಚಾಗಿ, ಅವುಗಳಲ್ಲಿ ಹಲವಕ್ಕೆ ಗೂಡಿಗೆ ಜಾಗ ಸಿಗದೆ ಸುಮ್ಮನೆ ಅಲೆದಾಡುತ್ತಿದ್ದಿರಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ಅನುಪಾತವನ್ನಲ್ಲ. ಮರಿಗಳ ಸಂಖ್ಯೆ ಮತ್ತು ವಯಸ್ಕ ಹಕ್ಕಿಗಳ ಸಂಖ್ಯೆ ಬೇರೆ ಬೇರೆಯಾಗಿ ಹೇಗೆ ಬದಲಾಗಿವೆ ಎಂಬುದನ್ನು.

ಇನ್ನು ಆ ಸಂಖ್ಯೆಗಳಿಗೆ ಬೆಲೆ ಬರುವುದು ಶ್ರಮ ಒಂದೇ ಸಮನಾಗಿದ್ದಾಗ ಮಾತ್ರ. ಬ್ರಿಟನ್ನಿನಲ್ಲಿ 1983ರಿಂದ ನಡೆಯುತ್ತಿರುವ, ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಸಂಸ್ಥೆಯ ಯೋಜನೆಗೆ ‘ಕಾನ್‌ಸ್ಟಂಟ್ ಎಫರ್ಟ್ ಸೈಟ್ಸ್’, ಅಂದರೆ ಒಂದೇ ಸಮನಾದ ಶ್ರಮದ ತಾಣಗಳು, ಎಂಬ ಹೆಸರಿದೆ. ಇಡೀ ವಿಧಾನದ ಜೀವಾಳ ಆ ಹೆಸರಿನಲ್ಲೇ ಇದೆ. ಮೇ ತಿಂಗಳ ಆರಂಭದಿಂದ ಆಗಸ್ಟ್ ಕೊನೆಯವರೆಗೆ 12 ಭೇಟಿಗಳು. ಪ್ರತಿ ಭೇಟಿಯಲ್ಲೂ ಅಷ್ಟೇ ಬಲೆಗಳು, ಅದೇ ಜಾಗಗಳಲ್ಲಿ, ಅಷ್ಟೇ ಹೊತ್ತು. ಉತ್ತರ ಅಮೆರಿಕದಲ್ಲಿ 1989ರಲ್ಲಿ ಆರಂಭವಾದ, ಹಕ್ಕಿಗಳ ಸಂತಾನೋತ್ಪತ್ತಿ ಮತ್ತು ಬದುಕುಳಿಕೆಯನ್ನು ಗಮನಿಸುವ ‘ಮ್ಯಾಪ್ಸ್’ ಯೋಜನೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಅಲ್ಲಿ ಋತುವನ್ನು ಹತ್ತು ಹತ್ತು ದಿನಗಳ ಅವಧಿಗಳನ್ನಾಗಿ ಒಡೆದು, ಒಂದೊಂದು ಅವಧಿಯಲ್ಲಿ ಒಂದು ದಿನ, ಸೂರ್ಯೋದಯದಿಂದ ಆರಂಭಿಸಿ ಸುಮಾರು ಆರು ಗಂಟೆ ಬಲೆ ತೆರೆದಿಡುತ್ತಾರೆ. ಹೆಚ್ಚು ಹಕ್ಕಿ ಸಿಗಲಿ ಎಂಬ ಆಸೆಯಿಂದ ಯಾರಾದರೂ ಒಂದು ವರ್ಷ ಎರಡು ಬಲೆ ಹೆಚ್ಚು ಕಟ್ಟಿದರೆ, ಅಥವಾ ಹಕ್ಕಿಗಳ ಕೂಗನ್ನು ಧ್ವನಿಮುದ್ರಿಕೆಯಿಂದ ಕೇಳಿಸಿ ಸೆಳೆದರೆ, ಆ ವರ್ಷದ ಅಂಕಿ ಹಿಂದಿನ ವರ್ಷಗಳ ಜೊತೆ ಹೋಲಿಕೆಗೆ ಸಿಗದಂತಾಗುತ್ತದೆ. ಈ ಕೆಲಸದಲ್ಲಿ ಉತ್ಸಾಹಕ್ಕಿಂತ ಒಂದೇ ರೀತಿ ಮಾಡುವ ಶಿಸ್ತು ದೊಡ್ಡದು. ಬೇಸರ ಬರುವಷ್ಟು ಒಂದೇ ರೀತಿ ಎಂದರೂ ತಪ್ಪಿಲ್ಲ.

ಗೂಡು ಹುಡುಕುವುದು ನೇರವಾದ ದಾರಿಯಲ್ಲವೇ ಎಂದು ಕೇಳಿದ್ದೀರಿ. ಒಂದು ಗೂಡಿನ ಮಟ್ಟಿಗೆ ಹೌದು. ಎಷ್ಟು ಮೊಟ್ಟೆ, ಎಷ್ಟು ಒಡೆದು ಮರಿಯಾದವು, ಎಷ್ಟು ಮರಿಗಳು ಗೂಡು ಬಿಟ್ಟು ಹಾರಿದವು ಎಂಬುದನ್ನು ಬಲೆ ಎಂದಿಗೂ ಹೇಳಲಾರದು. ಆದರೆ ಪುಟ್ಟ ಹಕ್ಕಿಗಳಲ್ಲಿ ಅನೇಕವು ಒಂದೇ ಋತುವಿನಲ್ಲಿ ಎರಡು ಮೂರು ಸಲ ಗೂಡು ಕಟ್ಟುತ್ತವೆ. ಮೊದಲನೆಯದು ಹಾವಿಗೋ ಕಾಗೆಗೋ ಹೋದರೆ ಕೆಲವೇ ದಿನಗಳಲ್ಲಿ ಇನ್ನೊಂದನ್ನು ಕಟ್ಟುತ್ತವೆ. ನಾವು ಕಂಡ ಗೂಡುಗಳಲ್ಲಿ ಅರ್ಧ ಕೆಟ್ಟವು ಎಂದರೆ ಆ ಜೋಡಿಗಳು ಋತುವಿನ ಕೊನೆಗೆ ಬರಿಗೈಯಲ್ಲಿ ಉಳಿದವು ಎಂದು ಅರ್ಥವಲ್ಲ. ಜೊತೆಗೆ, ಗೂಡಿನಿಂದ ಹೊರಬಿದ್ದ ಮೊದಲ ಕೆಲವು ವಾರಗಳಲ್ಲಿ, ಇನ್ನೂ ಸರಿಯಾಗಿ ಹಾರಲು ಬಾರದ ಮರಿಗಳಲ್ಲಿ ಬಹಳಷ್ಟು ಸಾಯುತ್ತವೆ, ಮತ್ತು ಗೂಡಿನ ದಾಖಲೆ ಅಷ್ಟರಲ್ಲಿ ಮುಗಿದಿರುತ್ತದೆ. ಬಲೆಗೆ ಬೀಳುವ ಮರಿಹಕ್ಕಿ ಬಹುಪಾಲು ಈ ಎಲ್ಲವನ್ನೂ ದಾಟಿ ಬಂದದ್ದು. ಹಾಗಾಗಿ ಮರಿ ಮತ್ತು ವಯಸ್ಕ ಹಕ್ಕಿಗಳ ಅನುಪಾತವು ಒಂದು ಗೂಡಿನ ಯಶಸ್ಸನ್ನಲ್ಲ, ಇಡೀ ಋತುವಿನ ಎಲ್ಲ ಪ್ರಯತ್ನಗಳ ಒಟ್ಟು ಫಲವನ್ನು ಸೂಚಿಸುತ್ತದೆ. ಎರಡೂ ವಿಧಾನಗಳು ಬೇಕು; ಒಂದು ಇನ್ನೊಂದರ ಬದಲಿಯಲ್ಲ.

ಆದರೆ ಒಂದು ಮಿತಿಯನ್ನು ಮರೆಯಬಾರದು. ಸ್ವತಂತ್ರವಾದ ಮರಿಹಕ್ಕಿಗಳು ಹುಟ್ಟಿದ ಜಾಗದಲ್ಲೇ ಕೂರುವುದಿಲ್ಲ. ನಿಮ್ಮ ಜೊಂಡಿನಲ್ಲಿ ಋತುವಿನ ಕೊನೆಯ ಭಾಗದಲ್ಲಿ ಸಿಕ್ಕ ಮರಿಗಳಲ್ಲಿ ಒಂದು ಪಾಲು ಎಷ್ಟೋ ದೂರದಿಂದ ಬಂದಿರಬಹುದು, ನಿಮ್ಮಲ್ಲೇ ಹುಟ್ಟಿದ ಮರಿಗಳು ಇನ್ನೆಲ್ಲೋ ಇರಬಹುದು. ಸೂಚ್ಯಂಕವು ಆ ಸುತ್ತಮುತ್ತಲಿನ ಪ್ರದೇಶದ ಬಗ್ಗೆ ಹೇಳುತ್ತದೆಯೇ ಹೊರತು ನಿಮ್ಮ ಬಲೆಯ ಹಿಂದಿರುವ ಪೊದೆಯ ಬಗ್ಗೆ ಅಲ್ಲ.

ಉತ್ತರ: ಲೆಕ್ಕಿಗ

ಜೊಂಡು ಅವರು ಹೇಳಿದ್ದಕ್ಕೆ ಸಂಖ್ಯೆಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಒಂದು ಜಾಗದಲ್ಲಿ ಒಂದು ಜಾತಿಯ 50 ಹಕ್ಕಿಗಳು ಸಿಕ್ಕು ಅವುಗಳಲ್ಲಿ 30 ಮರಿಗಳಿದ್ದರೆ, ಮರಿಗಳ ಪಾಲು ಶೇಕಡಾ 60 ಎನ್ನುತ್ತೇವೆ. ಆದರೆ ಇಷ್ಟು ಚಿಕ್ಕ ಮಾದರಿಯಲ್ಲಿ ಕೇವಲ ಆಕಸ್ಮಿಕದ ಕಾರಣದಿಂದಲೇ, ನಿಜವಾದ ಪಾಲು ಸುಮಾರು 46ರಿಂದ 74ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದನ್ನೇ ಅನುಪಾತಕ್ಕೆ ತಿರುಗಿಸಿದರೆ ಒಬ್ಬ ವಯಸ್ಕನಿಗೆ ಒಂದಕ್ಕಿಂತ ಕಡಿಮೆ ಮರಿಯಿಂದ ಹಿಡಿದು ಮೂರರ ಹತ್ತಿರದವರೆಗೆ. ನಿಮ್ಮ ಅರ್ಧಕ್ಕಿಳಿದ ಅನುಪಾತ ಈ ಅಗಲದೊಳಗೇ ಕುಳಿತುಬಿಡುವ ಸಾಧ್ಯತೆ ಇದೆ. ರಾಷ್ಟ್ರೀಯ ಯೋಜನೆಗಳು ನೂರಕ್ಕೂ ಹೆಚ್ಚು ಜಾಗಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡುವುದು ಇದಕ್ಕಾಗಿಯೇ. ಒಂದು ಜಾಗದ ಒಂದು ವರ್ಷದ ಅಂಕಿಯಿಂದ ಕಥೆ ಕಟ್ಟುವುದು ಸುಲಭ, ಆ ಕಥೆಯನ್ನು ಸಮರ್ಥಿಸುವುದು ಕಷ್ಟ.

ಈಗ ಮರುಸೆರೆಯ ವಿಷಯ. ಇದರ ಮೊದಲ ಉಪಯೋಗ ಬಹಳ ಸರಳ: ಒಂದು ಹಕ್ಕಿಯನ್ನು ಒಂದು ವರ್ಷದಲ್ಲಿ ಒಮ್ಮೆ ಮಾತ್ರ ಎಣಿಸಲು ಉಂಗುರ ಬೇಕು. ಅದಿಲ್ಲದಿದ್ದರೆ, ಬಲೆಯ ಪಕ್ಕದಲ್ಲೇ ಗೂಡು ಕಟ್ಟಿ ಭೇಟಿ ಭೇಟಿಗೂ ಸಿಕ್ಕಿಬೀಳುವ ಒಂದೇ ಗಂಡು ಹಕ್ಕಿ ಆರು ಹಕ್ಕಿಗಳಾಗಿ ಕಾಣುತ್ತದೆ.

ಎರಡನೆಯ ಉಪಯೋಗ ಇನ್ನೂ ಮುಖ್ಯವಾದದ್ದು, ಮತ್ತು ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಒಂದು ಜಾತಿಯ ಸಂಖ್ಯೆ ಇಳಿಯುತ್ತಿದ್ದರೆ ಅದಕ್ಕೆ ಮರಿಗಳು ಕಡಿಮೆ ಹುಟ್ಟುತ್ತಿರುವುದು ಕಾರಣವೋ, ದೊಡ್ಡ ಹಕ್ಕಿಗಳು ಹೆಚ್ಚು ಸಾಯುತ್ತಿರುವುದು ಕಾರಣವೋ ಎಂಬುದು ತಿಳಿಯಬೇಕು. ಎರಡನೆಯದನ್ನು ತಿಳಿಯಲು ವಯಸ್ಕ ಹಕ್ಕಿಗಳ ಮರುಸೆರೆಯೇ ದಾರಿ. ಆದರೆ ಮರಳಿ ಸಿಕ್ಕವುಗಳ ಶೇಕಡಾವಾರು ಲೆಕ್ಕವನ್ನೇ ಬದುಕುಳಿದವುಗಳ ಪ್ರಮಾಣವೆಂದು ತಿಳಿಯಬಾರದು. ಮತ್ತೊಂದು ಕಲ್ಪಿತ ಉದಾಹರಣೆ: ಮೊದಲ ವರ್ಷ 40 ವಯಸ್ಕ ಹಕ್ಕಿಗಳಿಗೆ ಉಂಗುರ ತೊಡಿಸಿದಿರಿ. ಎರಡನೆಯ ವರ್ಷ ಅವುಗಳಲ್ಲಿ 12 ಸಿಕ್ಕವು. ಶೇಕಡಾ 30 ಮಾತ್ರ ಬದುಕಿವೆ ಎನ್ನಿಸುತ್ತದೆ. ಮೂರನೆಯ ವರ್ಷ ಆ 40ರಲ್ಲಿ 8 ಸಿಕ್ಕವು, ಮತ್ತು ಪುಸ್ತಕ ತೆಗೆದು ನೋಡಿದರೆ ಈ ಎಂಟರಲ್ಲಿ 5 ಮಾತ್ರ ಎರಡನೆಯ ವರ್ಷವೂ ಸಿಕ್ಕಿದ್ದವು. ಉಳಿದ ಮೂರು ಎರಡನೆಯ ವರ್ಷ ಬದುಕಿಯೇ ಇದ್ದವು, ನಿಮ್ಮ ಬಲೆಗೆ ಬೀಳಲಿಲ್ಲ ಅಷ್ಟೆ. ಅಂದರೆ ಎರಡನೆಯ ವರ್ಷ ಬದುಕಿದ್ದ ಹಕ್ಕಿಯೊಂದು ನಿಮ್ಮ ಕೈಗೆ ಸಿಗುವ ಸಂಭವ ಎಂಟಕ್ಕೆ ಐದು, ಸುಮಾರು ಶೇಕಡಾ 62. ಹಾಗಿದ್ದರೆ ಆ ವರ್ಷ ಸಿಕ್ಕ 12 ಹಕ್ಕಿಗಳ ಹಿಂದೆ ಬದುಕಿದ್ದವು ಸುಮಾರು 19, ಬದುಕುಳಿದ ಪ್ರಮಾಣ ಶೇಕಡಾ 48ರ ಹತ್ತಿರ. ಸಿಗುವ ಸಂಭವ ಮತ್ತು ಬದುಕುವ ಸಂಭವ ಇವೆರಡನ್ನು ಬೇರ್ಪಡಿಸುವ ಈ ಕ್ರಮವನ್ನು ಕಾರ್ಮ್ಯಾಕ್, ಜಾಲಿ ಮತ್ತು ಸೀಬರ್ ಎಂಬ ಮೂವರು ಸಂಖ್ಯಾಶಾಸ್ತ್ರಜ್ಞರು 1964 ಮತ್ತು 1965ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದರು, ಮತ್ತು ಇಂದಿಗೂ ಈ ಕ್ಷೇತ್ರದ ಬಹುಪಾಲು ಲೆಕ್ಕಗಳು ಅವರ ಹೆಸರಿನ ಮಾದರಿಯಿಂದಲೇ ಆರಂಭವಾಗುತ್ತವೆ. ಇದಕ್ಕೆ ಕನಿಷ್ಠ ಮೂರು ವರ್ಷಗಳ ದಾಖಲೆ ಬೇಕು ಎಂಬುದು ಮೇಲಿನ ಉದಾಹರಣೆಯಿಂದಲೇ ಗೊತ್ತಾಗುತ್ತದೆ.

ಹೀಗೆ ಬರುವ ಸಂಖ್ಯೆಯೂ ತೋರಿಕೆಯ ಬದುಕುಳಿಕೆ ಮಾತ್ರ. ಹಕ್ಕಿ ಬೇರೆಡೆಗೆ ಹೋಗಿ ನೆಲೆಸಿದರೆ ಅದು ಸತ್ತದ್ದಕ್ಕೂ ಹೋದದ್ದಕ್ಕೂ ನಮ್ಮ ಪುಸ್ತಕದಲ್ಲಿ ವ್ಯತ್ಯಾಸವಿರುವುದಿಲ್ಲ. ವಲಸೆಯ ದಾರಿಯಲ್ಲಿ ಒಂದು ದಿನ ತಂಗಿ ಮುಂದೆ ಹೋದ ಹಕ್ಕಿಗಳನ್ನು ನಮ್ಮ ಜಾಗದ ನಿವಾಸಿಗಳೆಂದು ಎಣಿಸಿದರೆ ಬದುಕುಳಿಕೆ ವಿನಾಕಾರಣ ಕಡಿಮೆ ಕಾಣುತ್ತದೆ. ಅದಕ್ಕಾಗಿಯೇ ಒಂದೇ ಋತುವಿನಲ್ಲಿ ವಾರದಷ್ಟಾದರೂ ಅಂತರದಲ್ಲಿ ಎರಡು ಬಾರಿ ಸಿಕ್ಕ ಹಕ್ಕಿಯನ್ನು ನಿವಾಸಿಯೆಂದು ಗುರುತಿಸಿ, ಅದನ್ನು ಬೇರೆಯಾಗಿ ಪರಿಗಣಿಸುವ ಕ್ರಮವಿದೆ. ಋತುವಿನ ಒಳಗಿನ ಮರುಸೆರೆಗಳನ್ನು ‘ಇದೇ ಹಕ್ಕಿ ಮತ್ತೆ ಬಂತು’ ಎಂದು ಉದಾಸೀನದಿಂದ ಬರೆಯದೆ ಬಿಡುವವರು ಈ ಮಾಹಿತಿಯನ್ನೇ ಕಳೆಯುತ್ತಾರೆ.

ಇದರ ಫಲವೇನು ಎನ್ನುವುದಕ್ಕೆ ಸೆಡ್ಜ್ ವಾರ್ಬ್ಲರ್ ಒಳ್ಳೆಯ ಸಾಕ್ಷಿ. ಇದು ಯುರೋಪಿನ ಜೊಂಡುಗಳಲ್ಲಿ ಗೂಡು ಕಟ್ಟಿ ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆಯುವ ಪುಟ್ಟ ಉಲಿಯಕ್ಕಿ. ಬ್ರಿಟನ್ನಿನಲ್ಲಿ ಇದರ ಸಂಖ್ಯೆ ಏರಿಳಿಯುತ್ತಿದ್ದುದಕ್ಕೆ ಅಲ್ಲಿನ ಜೊಂಡುಗಳಲ್ಲಿ ಕಾರಣ ಹುಡುಕಬಹುದಿತ್ತು. ಆದರೆ ಮರುಸೆರೆಯ ದಾಖಲೆಗಳಿಂದ ಬದುಕುಳಿಕೆಯನ್ನು ಲೆಕ್ಕ ಹಾಕಿ 1991ರಲ್ಲಿ ಪ್ರಕಟಿಸಿದ ಅಧ್ಯಯನವು, ವಯಸ್ಕ ಹಕ್ಕಿಗಳ ಬದುಕುಳಿಕೆ ಪಶ್ಚಿಮ ಆಫ್ರಿಕಾದ ಮಳೆಯೊಂದಿಗೆ ಏರಿ ಇಳಿಯುತ್ತಿದೆ ಎಂದು ತೋರಿಸಿತು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಸಹೇಲ್ ಪ್ರದೇಶದಲ್ಲಿ ಬರ ಬಿದ್ದ ವರ್ಷಗಳಲ್ಲಿ ಹಿಂತಿರುಗಿದ ಹಕ್ಕಿಗಳು ಕಡಿಮೆ. ಗೂಡುಗಳನ್ನು ಎಷ್ಟು ಎಣಿಸಿದ್ದರೂ ಇದು ತಿಳಿಯುತ್ತಿರಲಿಲ್ಲ.

ಮರುಪ್ರಶ್ನೆ: ಮುಂಜಾವು

ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಪುಸ್ತಕ ನೋಡಿದೆ: ಮರಿಗಳ ಸಂಖ್ಯೆ ಸ್ವಲ್ಪ ಕಡಿಮೆಯಾಗಿದೆ, ವಯಸ್ಕ ಹಕ್ಕಿಗಳ ಸಂಖ್ಯೆ ಗಣನೀಯವಾಗಿ ಹೆಚ್ಚಿದೆ. ಅಲ್ಲಿಗೆ ತಂಡದ ತೀರ್ಮಾನ ಆತುರದ್ದು ಎಂಬುದು ಸ್ಪಷ್ಟ. ಆದರೆ ಇದರಿಂದ ಇನ್ನೊಂದು ಅನುಮಾನ ಹುಟ್ಟಿದೆ. ಮರಿ ಯಾವುದು, ವಯಸ್ಕ ಯಾವುದು ಎಂದು ನಾವು ಸರಿಯಾಗಿ ಗುರುತಿಸಿದ್ದೇವೆಯೇ? ಋತುವಿನ ಕೊನೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಹಾಗೆಯೇ ಹಿಡಿಯುವುದರಿಂದ ಆಗುವ ಹಾನಿಯ ಬಗೆಗಿನ ಪ್ರಶ್ನೆ ಹಾಗೇ ಉಳಿದಿದೆ.

ಉತ್ತರ: ಗೂಡುನೋಟ

ವಯಸ್ಸಿನ ಗುರುತಿನ ಪ್ರಶ್ನೆ ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಮೇಲಿನ ಎಲ್ಲ ಲೆಕ್ಕವೂ ಕೈಯಲ್ಲಿ ಹಕ್ಕಿ ಹಿಡಿದವರ ಆ ಒಂದು ನಿರ್ಧಾರದ ಮೇಲೆ ನಿಂತಿದೆ. ಗೂಡು ಬಿಟ್ಟ ಹೊಸತರಲ್ಲಿ ಕಷ್ಟವಿಲ್ಲ: ಕೊಕ್ಕಿನ ಮೂಲೆಯಲ್ಲಿ ಮೆತ್ತನೆಯ ಹಳದಿ ಅಂಚು, ಸಡಿಲವಾಗಿ ನೇಯ್ದಂತಿರುವ ದೇಹದ ಗರಿಗಳು, ಇನ್ನೂ ಪೂರ್ತಿ ಬೆಳೆಯದ ಬಾಲ. ಆದರೆ ಅನೇಕ ಜಾತಿಗಳಲ್ಲಿ ಮರಿಗಳು ಕೆಲವೇ ವಾರಗಳಲ್ಲಿ ದೇಹದ ಗರಿಗಳನ್ನು ಬದಲಿಸಿ ದೊಡ್ಡವುಗಳಂತೆ ಕಾಣತೊಡಗುತ್ತವೆ. ಆಗ ರೆಕ್ಕೆಯನ್ನು ಬಿಡಿಸಿ ನೋಡಬೇಕು. ಹಲವು ಪುಟ್ಟ ಹಕ್ಕಿಗಳ ಮರಿಗಳು ಹಾರುಗರಿಗಳನ್ನು ಮೊದಲ ವರ್ಷ ಬದಲಿಸದೆ, ಅವುಗಳ ಬುಡವನ್ನು ಮುಚ್ಚುವ ಹೊದಿಕೆ ಗರಿಗಳಲ್ಲಿ ಕೆಲವನ್ನು ಮಾತ್ರ ಬದಲಿಸುವುದರಿಂದ, ಹಳೆಯ ಮತ್ತು ಹೊಸ ಗರಿಗಳ ನಡುವೆ ಬಣ್ಣದ ಮತ್ತು ಉದ್ದದ ಒಂದು ಒಡಕು ಕಾಣುತ್ತದೆ. ವಯಸ್ಕ ಹಕ್ಕಿಯ ಹಾರುಗರಿಗಳಾದರೋ ಗೂಡಿಗೆ ಓಡಾಡಿ ಆ ಹೊತ್ತಿಗೆ ತುದಿ ಸವೆದು ಬಣ್ಣ ಮಾಸಿರುತ್ತವೆ, ಇಲ್ಲವೇ ಉದುರಿ ಹೊಸದಾಗಿ ಮೊಳೆಯುತ್ತಿರುತ್ತವೆ. ಬಾಯಿಂದ ಊದಿ ನೆತ್ತಿಯ ಗರಿ ಸರಿಸಿದರೆ, ಮರಿಗಳ ತಲೆಬುರುಡೆ ಇನ್ನೂ ಪೂರ್ತಿ ಗಟ್ಟಿಯಾಗದೆ ಚರ್ಮದಡಿಯಲ್ಲಿ ಗುಲಾಬಿ ಬಣ್ಣದ ಕಿಟಕಿಯಂತೆ ಕಾಣುವುದೂ ಉಂಟು. ಇದನ್ನು ಅಭ್ಯಾಸವಿಲ್ಲದೆ ನೋಡಲು ಹೋಗಬೇಡಿ. ಕೆಲವು ಜಾತಿಗಳಲ್ಲಿ ಮರಿಯೂ ವಯಸ್ಕವೂ ಗೂಡು ಕಾಲದ ನಂತರ ಎಲ್ಲ ಗರಿಗಳನ್ನೂ ಬದಲಿಸಿಬಿಡುತ್ತವೆ. ಅಂಥವುಗಳಲ್ಲಿ ಖಚಿತವಿಲ್ಲದಿದ್ದರೆ ‘ವಯಸ್ಸು ತಿಳಿಯದು’ ಎಂದೇ ಬರೆಯಿರಿ. ಊಹಿಸಿ ತುಂಬಿದ ಖಾನೆಗಿಂತ ಖಾಲಿ ಬಿಟ್ಟ ಖಾನೆ ಉಪಯುಕ್ತ.

ಇಲ್ಲಿ ಮರುಸೆರೆ ಮತ್ತೊಂದು ರೀತಿಯಲ್ಲಿ ಸಹಾಯಕ್ಕೆ ಬರುತ್ತದೆ. ಮರಿಯಾಗಿದ್ದಾಗ ಉಂಗುರ ತೊಟ್ಟ ಹಕ್ಕಿ ಮುಂದಿನ ವರ್ಷ ಸಿಕ್ಕರೆ ಅದರ ವಯಸ್ಸು ನಿಮಗೆ ನಿಶ್ಚಿತವಾಗಿ ಗೊತ್ತು. ಸಂಖ್ಯೆಯನ್ನು ಓದುವ ಮೊದಲು ಗರಿ ನೋಡಿ ವಯಸ್ಸು ಹೇಳಿ, ನಂತರ ಪುಸ್ತಕದ ಜೊತೆ ತಾಳೆ ನೋಡಿ. ತರಬೇತಿಗೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ವಯಸ್ಕ ಹಕ್ಕಿ ನಿಜವಾಗಿ ಗೂಡು ಕಟ್ಟಿದೆಯೇ ಎಂಬುದಕ್ಕೂ ದೇಹದಲ್ಲೇ ಗುರುತಿದೆ. ಕಾವು ಕೂರುವ ಹಕ್ಕಿಯ ಹೊಟ್ಟೆಯ ಗರಿ ಉದುರಿ, ಚರ್ಮ ಬೋಳಾಗಿ, ರಕ್ತನಾಳಗಳು ಉಬ್ಬಿ, ನೀರು ತುಂಬಿದಂತೆ ದಪ್ಪಗಾಗುತ್ತದೆ. ಮರಿಗಳು ಬೆಳೆದಂತೆ ಅದು ಸುಕ್ಕುಗಟ್ಟಿ, ಕೊನೆಗೆ ಹೊಸ ಗರಿ ಮೂಡುತ್ತದೆ. ಉಂಗುರ ತೊಡಿಸುವವರು ಇದನ್ನು ಬ್ರೂಡ್ ಪ್ಯಾಚ್ ಎನ್ನುತ್ತಾರೆ. ಹೆಚ್ಚಿನ ಪುಟ್ಟ ಹಕ್ಕಿಗಳಲ್ಲಿ ಇದು ಹೆಣ್ಣಿಗೆ ಮಾತ್ರ ಪೂರ್ತಿಯಾಗಿ ಬರುತ್ತದೆ, ಗಂಡೂ ಕಾವು ಕೂರುವ ಜಾತಿಗಳಲ್ಲಿ ಗಂಡಿಗೂ ಬರಬಹುದು. ನಿಮ್ಮಲ್ಲಿ ವಯಸ್ಕ ಹಕ್ಕಿಗಳು ಹೆಚ್ಚಾದ ವರ್ಷ ಹೆಣ್ಣುಗಳಲ್ಲಿ ಎಷ್ಟರ ಹೊಟ್ಟೆ ಬೋಳಾಗಿತ್ತು, ಯಾವ ತಿಂಗಳಲ್ಲಿ ಯಾವ ಹಂತದಲ್ಲಿತ್ತು ಎಂಬುದು ದಾಖಲಾಗಿದ್ದರೆ, ಅವು ಗೂಡು ಕಟ್ಟಲೇ ಇಲ್ಲವೋ, ಕಟ್ಟಿ ಕಳೆದುಕೊಂಡವೋ, ತಡವಾಗಿ ಕಟ್ಟಿದವೋ ಎಂಬುದರ ಸುಳಿವು ಸಿಗುತ್ತದೆ. ಗೂಡು ಪೂರ್ತಿ ಕೆಟ್ಟ ವರ್ಷ ವಯಸ್ಕ ಹಕ್ಕಿಗಳು ಬೇಗನೆ ಜಾಗ ಬಿಟ್ಟು ಹೋಗುವುದೂ ಇದೆ. ಆಗ ಅನುಪಾತದ ಎರಡೂ ಭಾಗಗಳು ಒಟ್ಟಿಗೆ ಇಳಿದು ಅನುಪಾತ ಮಾತ್ರ ನೆಮ್ಮದಿಯಾಗಿ ಕಾಣುತ್ತದೆ.

ಕಾಲದ ಬದಲಾವಣೆಯೂ ಲೆಕ್ಕ ತಪ್ಪಿಸಬಲ್ಲದು. ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ 1947ರಿಂದ ಗೂಡುಪೆಟ್ಟಿಗೆಗಳ ಗ್ರೇಟ್ ಟಿಟ್ ಹಕ್ಕಿಗಳನ್ನು, ಮರಿಗಳಿಗೂ ಪೋಷಕರಿಗೂ ಉಂಗುರ ತೊಡಿಸಿ, ತಲೆಮಾರುಗಳ ಉದ್ದಕ್ಕೂ ಗಮನಿಸಲಾಗುತ್ತಿದೆ. ಅಲ್ಲಿ 1960ರ ದಶಕಕ್ಕೆ ಹೋಲಿಸಿದರೆ ಮೊಟ್ಟೆ ಇಡುವ ಕಾಲ ಸುಮಾರು ಎರಡು ವಾರ ಮುಂಚಿತವಾಗಿದೆ. ಬಲೆ ಕಟ್ಟುವ ದಿನಾಂಕಗಳು ಸ್ಥಿರವಾಗಿದ್ದು ಹಕ್ಕಿಗಳ ಋತುವೇ ಸರಿದರೆ, ಮರಿಗಳು ಹೆಚ್ಚು ಭೇಟಿಗಳಲ್ಲಿ ಸಿಗುವಂತಾಗಿ ಅನುಪಾತ ಏರಬಹುದು, ಅಥವಾ ಅವು ಕೊನೆಯ ಭೇಟಿಗಳಿಗೆ ಮುನ್ನವೇ ಚದುರಿ ಇಳಿಯಬಹುದು. ಹಾಗಾಗಿ ಒಟ್ಟು ಸಂಖ್ಯೆಯ ಜೊತೆಗೆ, ಮೊದಲ ಮರಿ ಯಾವ ಭೇಟಿಯಲ್ಲಿ ಸಿಕ್ಕಿತು ಎಂಬುದನ್ನೂ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಿ.

ಹಾನಿಯ ಬಗ್ಗೆ: ಅದು ಶೂನ್ಯವಲ್ಲ, ಆದರೆ ಕಡಿಮೆ. ಅಮೆರಿಕ ಮತ್ತು ಕೆನಡಾದ ಹಲವು ಸಂಸ್ಥೆಗಳ ದಾಖಲೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮಿಸ್ಟ್ ನೆಟ್‌ನಿಂದ ಗಾಯಗೊಂಡ ಮತ್ತು ಸತ್ತ ಹಕ್ಕಿಗಳ ಪ್ರಮಾಣ ಎರಡೂ ಶೇಕಡಾ ಒಂದಕ್ಕಿಂತ ಕೆಳಗಿದ್ದವು. ಆ ಮಟ್ಟದಲ್ಲಿ ಉಳಿಯುವುದು ನಿಯಮ ಪಾಲಿಸಿದರೆ ಮಾತ್ರ. ಮಳೆ, ಬಲವಾದ ಗಾಳಿ, ಸುಡುವ ಬಿಸಿಲಿದ್ದರೆ ಬಲೆ ತೆರೆಯುವಂತಿಲ್ಲ. ತೆರೆದ ಬಲೆಯನ್ನು ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ನೋಡಲೇಬೇಕು, ಬಿಸಿಲು ಏರಿದಂತೆ ಇನ್ನೂ ಬೇಗ. ಹೊಟ್ಟೆಯಲ್ಲಿ ಮೊಟ್ಟೆ ಇರುವ ಹೆಣ್ಣು ಸಿಕ್ಕರೆ ಉಳಿದವುಗಳ ಸರದಿ ಬಿಟ್ಟು ಮೊದಲು ಅದನ್ನು, ಸಿಕ್ಕ ಬಲೆಯ ಹತ್ತಿರವೇ, ಬಿಡಬೇಕು. ತಾಯಿ ಕಾವಿನಿಂದ ಎದ್ದು ಆಹಾರಕ್ಕೆ ಹೋಗುವುದು ಸಹಜವೇ ಆದ್ದರಿಂದ ಅಲ್ಪ ಹೊತ್ತಿನ ಗೈರುಹಾಜರಿ ಗೂಡನ್ನು ಕೆಡಿಸುವುದಿಲ್ಲ. ಚೀಲದಲ್ಲಿ ಮರೆತು ಕೂರಿಸಿದ ಹಕ್ಕಿಯ ಮಾತು ಬೇರೆ. ಪರವಾನಗಿ ಪಡೆದ ತರಬೇತುದಾರರ ಕಣ್ಣೆದುರಲ್ಲದೆ ಈ ಯಾವುದನ್ನೂ ಮಾಡಬಾರದು.

ಗೂಡು ಹುಡುಕುವುದಕ್ಕೂ ತನ್ನದೇ ಅಪಾಯವಿದೆ ಎಂಬುದನ್ನು ಜೊಂಡು ಅವರು ಹೇಳದೆ ಬಿಟ್ಟರು. ನಾವು ತುಳಿದ ಹುಲ್ಲಿನ ಜಾಡನ್ನು ಬೇಟೆಗಾರ ಪ್ರಾಣಿಗಳು ಹಿಡಿದು ಬರಬಹುದು. ರೆಕ್ಕೆ ಬಲಿಯುತ್ತಿರುವ ಮರಿಗಳ ಹತ್ತಿರ ಹೋದರೆ ಅವು ಹೊತ್ತಿಗೆ ಮುಂಚೆಯೇ ಗೂಡಿನಿಂದ ಹಾರಿಬಿದ್ದು ನೆಲ ಸೇರುತ್ತವೆ. ಲೆಕ್ಕದಲ್ಲೂ ಒಂದು ತೊಡಕಿದೆ: ಬೇಗನೆ ಕೆಟ್ಟ ಗೂಡುಗಳು ನಮ್ಮ ಕಣ್ಣಿಗೆ ಬೀಳುವ ಮೊದಲೇ ಇಲ್ಲವಾಗುವುದರಿಂದ, ಕಂಡ ಗೂಡುಗಳ ಯಶಸ್ಸು ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ. ಅಮೆರಿಕದ ಪಕ್ಷಿತಜ್ಞ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಇದಕ್ಕೆ ಪರಿಹಾರವಾಗಿ, ಗೂಡು ದಿನದಿಂದ ದಿನಕ್ಕೆ ಉಳಿಯುವ ಸಂಭವವನ್ನು ಲೆಕ್ಕ ಹಾಕುವ ಕ್ರಮ ಸೂಚಿಸಿದರು. ದಿನಕ್ಕೆ ಶೇಕಡಾ 96 ಎಂದರೆ ಭದ್ರವೆನಿಸುತ್ತದೆ, ಆದರೆ 28 ದಿನಗಳ ಗೂಡುಕಾಲಕ್ಕೆ ಅದನ್ನು ಗುಣಿಸುತ್ತ ಹೋದರೆ ಕೊನೆಗೆ ಉಳಿಯುವುದು ಮೂರರಲ್ಲಿ ಒಂದು ಗೂಡು.

ಉತ್ತರ: ಜೊಂಡು

ಒಂದು ವಿಷಯ ಸೇರಿಸಬೇಕು. ವಯಸ್ಕ ಹಕ್ಕಿಗಳು ಗಣನೀಯವಾಗಿ ಹೆಚ್ಚಿವೆ ಎಂದಿದ್ದೀರಿ. ಅದು ನಿಜವಾದ ಏರಿಕೆಯೋ, ಗಿಡಗಳ ಬೆಳವಣಿಗೆಯ ಪರಿಣಾಮವೋ ಎಂಬುದನ್ನು ಪರಿಶೀಲಿಸಿ. ಪೊದೆಗಳು ಬಲೆಯ ಎತ್ತರವನ್ನು ಮೀರಿ ಬೆಳೆದರೆ ಹಕ್ಕಿಗಳು ಮೇಲಿಂದ ದಾಟಿಹೋಗುತ್ತವೆ. ಸುತ್ತಲಿನ ಪೊದೆ ಕಡಿದಿದ್ದರೆ ಉಳಿದ ಪಟ್ಟಿಯಲ್ಲೇ ಎಲ್ಲವೂ ಓಡಾಡಿ ಹೆಚ್ಚು ಸಿಗುತ್ತವೆ. ಬಲೆಯ ಸಾಲಿನ ಅಕ್ಕಪಕ್ಕದ ಗಿಡಗಳನ್ನು ಪ್ರತಿವರ್ಷ ಋತು ಆರಂಭಕ್ಕೆ ಮುಂಚೆ ಒಂದೇ ಎತ್ತರಕ್ಕೆ ಕತ್ತರಿಸಿ, ಒಂದೇ ಕೋನದಿಂದ ಛಾಯಾಚಿತ್ರ ತೆಗೆದಿಡುವ ತಂಡಗಳಿವೆ. ನಿಮ್ಮಲ್ಲಿ ಅಂಥ ಚಿತ್ರಗಳಿಲ್ಲದಿದ್ದರೆ, ಆ ವರ್ಷ ಉಂಗುರವಿಲ್ಲದೆ ಹೊಸದಾಗಿ ಸಿಕ್ಕ ವಯಸ್ಕ ಹಕ್ಕಿಗಳು ಎಷ್ಟು, ಹಳೆಯ ಉಂಗುರದವು ಎಷ್ಟು ಎಂದು ಬಿಡಿಸಿ ನೋಡಿ. ಹಳೆಯವೂ ಹೊಸವೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಬಲೆಗೆ ಬೀಳುವ ಸಂಭವವೇ ಹೆಚ್ಚಿತ್ತೆಂದು ನಾನು ಸಂಶಯಪಡುತ್ತೇನೆ. ಹೊಸವು ಮಾತ್ರ ಏರಿದ್ದು, ಅವುಗಳಲ್ಲಿ ಬಹುಪಾಲು ಹಿಂದಿನ ವರ್ಷ ಹುಟ್ಟಿದವೆಂದು ಗರಿಗಳಿಂದ ಗೊತ್ತಾದರೆ, ಹಿಂದಿನ ಋತುವಿನ ಮರಿಗಳೇ ಈಗ ವಯಸ್ಕರ ಖಾನೆಗೆ ಬಂದು ಕುಳಿತು ನಿಮ್ಮ ಅನುಪಾತವನ್ನು ಇಳಿಸಿವೆ ಎಂದು ಓದಿಕೊಳ್ಳಬಹುದು.